ಗಣಕ ಪ್ರಶ್ನೋತ್ತರ: 'ಸರ್ವರ್ ಇಲ್ಲ' ಎಂದಾಗ ಇಲ್ಲದಿರುವುದು ಯಾವುದು?

ಈ ಸಲ ಧಾರವಾಡ, ಗದಗ ಮತ್ತು ಹಾವೇರಿ ಜಿಲ್ಲೆಗಳಿಂದ ಬಂದ ಪತ್ರಗಳನ್ನೇ ಒಟ್ಟಿಗೆ ಆರಿಸಿಕೊಂಡಿದ್ದೇನೆ. ಬರೆದವರ ಕಸುಬು ಬೇರೆ ಬೇರೆ. ಆದರೆ ಹೆಚ್ಚಿನವರು ಕೇಳಿರುವುದು ಒಂದೇ: ಯಂತ್ರ ಕೈಕೊಟ್ಟಾಗ ದೋಷ ಎಲ್ಲಿದೆ ಎಂದು ತಿಳಿಯುವುದು ಹೇಗೆ? ಆದ್ದರಿಂದ ಪದಗಳ ಅರ್ಥ ಹೇಳಿ ಸುಮ್ಮನಾಗದೆ, ತೊಡಕು ಯಾವ ಹಂತದಲ್ಲಿ ಹುಟ್ಟುತ್ತದೆ ಎಂಬುದನ್ನೇ ಹಿಡಿದು ಉತ್ತರಿಸಿದ್ದೇನೆ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ಒಂದು ಪ್ರಮಾಣಪತ್ರಕ್ಕಾಗಿ ಕಚೇರಿಗೆ ಹೋದಾಗಲೆಲ್ಲ 'ಸರ್ವರ್ ಇಲ್ರೀ ಗುರುಗಳ, ನಾಳೆ ಬರ್ರಿ' ಎನ್ನುತ್ತಾರೆ. ಪಡಿತರ ಅಂಗಡಿಯಲ್ಲೂ ಇದೇ ಮಾತು. ಈ ಸರ್ವರ್ ಎಂಬುದು ಎಲ್ಲಿರುತ್ತದೆ? ಅದು ನಿಜವಾಗಿಯೂ ಇಷ್ಟು ಸಲ ಕೆಡುತ್ತದೆಯೇ?
– ಬೆಟಗೇರಿಯ ಓದುಗರು

ಉತ್ತರ: ಸರ್ವರ್ ಎಂದರೆ ಬೇರೆ ಕಂಪ್ಯೂಟರುಗಳು ಕೇಳಿದ ಮಾಹಿತಿಯನ್ನು ಒದಗಿಸುವುದಕ್ಕೆಂದೇ ಹಗಲಿರುಳು ಚಾಲನೆಯಲ್ಲಿಡುವ ಕಂಪ್ಯೂಟರ್. ನಿಮ್ಮೂರಿನ ಕೌಂಟರಿನಲ್ಲಿ ಕಾಣುವ ಯಂತ್ರ ಸರ್ವರ್ ಅಲ್ಲ, ಅದು ಕೇಳುವ ಯಂತ್ರ ಮಾತ್ರ. ರಾಜ್ಯ ಸರ್ಕಾರದ ಹಲವು ಸೇವೆಗಳ ಸರ್ವರುಗಳು ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರದಲ್ಲಿವೆ. ತಾಲ್ಲೂಕು ಕಚೇರಿಗಳನ್ನು ಅಲ್ಲಿಗೆ ಜೋಡಿಸಲು ಕೆಸ್ವಾನ್ ಎಂಬ ರಾಜ್ಯವ್ಯಾಪಿ ಜಾಲವಿದೆ. ಪಡಿತರ ಅಂಗಡಿಯಂತೆ ಬೆರಳಚ್ಚು ಬೇಕಾದ ಕಡೆ ಇನ್ನೊಂದು ಹಂತ ಸೇರಿಕೊಳ್ಳುತ್ತದೆ. ನೀವು ಒತ್ತಿದ ಬೆರಳಿನ ಗುರುತು ಆಧಾರ್ ಪ್ರಾಧಿಕಾರದ ದತ್ತಾಂಶ ಕೇಂದ್ರಕ್ಕೆ ಹೋಗಬೇಕು (ಇವು ಬೆಂಗಳೂರು ಮತ್ತು ಹರಿಯಾಣದ ಮಾನೇಸರದಲ್ಲಿವೆ), ಅಲ್ಲಿಂದ 'ಹೌದು' ಅಥವಾ 'ಅಲ್ಲ' ಎಂಬ ಉತ್ತರ ಮರಳಬೇಕು, ಆಮೇಲೆ ಆಹಾರ ಇಲಾಖೆಯ ವ್ಯವಸ್ಥೆ ನಿಮ್ಮ ಪಾಲಿನ ಧಾನ್ಯವನ್ನು ಖರ್ಚು ಬರೆದುಕೊಳ್ಳಬೇಕು.

ಈ ಸರಪಳಿಯಲ್ಲಿ ಯಾವ ಕೊಂಡಿ ಕಳಚಿದರೂ ಕೌಂಟರಿನ ಹಿಂದೆ ಕುಳಿತವರಿಗೆ ಕಾಣುವುದು ಒಂದೇ: ತೆರೆಯ ಮೇಲೆ ಸುತ್ತುತ್ತಲೇ ಇರುವ ಚಕ್ರ. ಹಾಗಾಗಿ ಅವರು ಎಲ್ಲಕ್ಕೂ 'ಸರ್ವರ್ ಇಲ್ಲ' ಎಂಬ ಒಂದೇ ಹೆಸರಿಟ್ಟುಬಿಟ್ಟಿದ್ದಾರೆ. ರಸ್ತೆ ಅಗೆಯುವ ಜೆಸಿಬಿ ಊರ ಹೊರಗೆ ಫೈಬರ್ ಕತ್ತರಿಸಿದ್ದರೂ ಸರ್ವರ್ ಇಲ್ಲ. ಕಚೇರಿಯ ಯುಪಿಎಸ್ ಬ್ಯಾಟರಿ ಸತ್ತು ರೌಟರ್ ಆರಿದ್ದರೂ ಸರ್ವರ್ ಇಲ್ಲ. ಅರ್ಜಿಯ ಕೊನೆಯ ದಿನ ರಾಜ್ಯದ ಜನವೆಲ್ಲ ಒಂದೇ ಹೊತ್ತಿಗೆ ನುಗ್ಗಿದ್ದರೂ ಸರ್ವರ್ ಇಲ್ಲ. ಇವುಗಳಲ್ಲಿ ಕೊನೆಯದೊಂದೇ ನಿಜವಾಗಿ ಸರ್ವರಿನ ತೊಂದರೆ.

ಇವನ್ನು ಬೇರ್ಪಡಿಸಿ ನೋಡುವುದು ಕಷ್ಟವಲ್ಲ. ತೆರೆಯ ಮೇಲೆ ಮೂರಂಕಿಯ ಸಂಖ್ಯೆಯೇನಾದರೂ ಬಂದಿದೆಯೇ ಎಂದು ವಿನಯದಿಂದಲೇ ಕೇಳಿ. 500 ಅಥವಾ 503 ಎಂದು ಬಂದಿದ್ದರೆ ನಿಮ್ಮೂರಿನಿಂದ ಅಲ್ಲಿಯವರೆಗಿನ ದಾರಿ ಸರಿಯಾಗಿದೆ ಎಂದೇ ಅರ್ಥ. ಏಕೆಂದರೆ ಆ ಸಂಖ್ಯೆಯನ್ನು ಕಳುಹಿಸಿದ್ದೇ ಆಚೆ ತುದಿ. ತನ್ನಿಂದ ಈಗ ಕೆಲಸ ಆಗುತ್ತಿಲ್ಲವೆಂದು ಅದೇ ಒಪ್ಪಿಕೊಳ್ಳುತ್ತಿದೆ. 502 ಮತ್ತು 504 ಬಂದರೆ ಮುಂಬಾಗಿಲಲ್ಲಿರುವ ಯಂತ್ರ ಎಚ್ಚರವಾಗಿದೆ, ಅದರ ಹಿಂದಿನ ಯಂತ್ರ ತಪ್ಪು ಉತ್ತರ ಕೊಟ್ಟಿದೆ ಅಥವಾ ಉತ್ತರವನ್ನೇ ಕೊಟ್ಟಿಲ್ಲ. 404 ಬಂದರೆ ಸರ್ವರ್ ಆರೋಗ್ಯವಾಗಿದೆ, ಕೇಳಿದ ಪುಟ ಮಾತ್ರ ಅಲ್ಲಿಲ್ಲ. ಯಾವ ಸಂಖ್ಯೆಯೂ ಇಲ್ಲದೆ 'ಸಂಪರ್ಕವಿಲ್ಲ' ಎಂದಷ್ಟೇ ಬಂದರೆ ದೋಷ ಬಹುಮಟ್ಟಿಗೆ ಈಚೆ ಕಡೆಯದು. ಆಗ ಪಕ್ಕದ ತಾಲ್ಲೂಕಿನ ಪರಿಚಿತರಿಗೆ ಒಂದು ಫೋನ್ ಮಾಡಿ. ಅಲ್ಲಿ ಕೆಲಸ ನಡೆಯುತ್ತಿದ್ದರೆ ತೊಂದರೆ ನಿಮ್ಮ ಕಚೇರಿಯದೋ ಅಲ್ಲಿಗೆ ಬರುವ ಸಂಪರ್ಕದ್ದೋ ಇರಬೇಕು. ಅದನ್ನು ಸರಿಪಡಿಸಲು ಏರ್ಪಾಟು ಮಾಡಬೇಕಾದವರೂ ಕಚೇರಿಯವರೇ ಆದ್ದರಿಂದ 'ನಾಳೆ ಬನ್ನಿ' ಎಂಬ ಮಾತನ್ನು ಅಷ್ಟು ಸುಲಭವಾಗಿ ಒಪ್ಪಬೇಕಾಗಿಲ್ಲ. ಜಾತಿ ಮತ್ತು ಆದಾಯ ಪ್ರಮಾಣಪತ್ರಗಳಿಗಾದರೆ ನಾಡಕಚೇರಿಯ ಜಾಲತಾಣದಲ್ಲಿ ಮನೆಯಿಂದಲೇ ಅರ್ಜಿ ಹಾಕಬಹುದು. ಮೊಮ್ಮಕ್ಕಳ ಮೊಬೈಲಿನಲ್ಲಿ ಆ ತಾಣ ಸರಾಗವಾಗಿ ತೆರೆದುಕೊಂಡರೆ, ಆ ದಿನ ಇಲ್ಲದಿದ್ದದ್ದು ಸರ್ವರ್ ಅಲ್ಲ ಎಂಬುದಕ್ಕೆ ಅದೊಂದು ಬಲವಾದ ಸುಳಿವು.

ಪ್ರಶ್ನೆ: ಮನೆಗೆ 100 ಎಂಬಿಪಿಎಸ್ ಸಂಪರ್ಕ ಪಡೆದಿದ್ದೇವೆ. ಆ ಲೆಕ್ಕಕ್ಕೆ ಒಂದು ಜಿಬಿಯ ಫೈಲ್ 10 ಸೆಕೆಂಡಿನಲ್ಲಿ ಇಳಿಯಬೇಕಲ್ಲವೇ? ಒಂದೂವರೆ ನಿಮಿಷ ಹಿಡಿಯುತ್ತದೆ. ಹಿಂದಿನ ಕೋಣೆಯಲ್ಲಂತೂ ಹತ್ತು ನಿಮಿಷ. ಕಂಪನಿಯವರು ನಮ್ಮನ್ನು ಮೋಸಗೊಳಿಸುತ್ತಿದ್ದಾರೆಯೇ?
– ಧಾರವಾಡದ ಮಾಳಮಡ್ಡಿಯ ಓದುಗರು

ಉತ್ತರ: ಒಂದೂವರೆ ನಿಮಿಷದ ಲೆಕ್ಕದಲ್ಲಿ ಮೋಸವಿಲ್ಲ. ಸಂಪರ್ಕದ ವೇಗವನ್ನು ಬಿಟ್‌ಗಳಲ್ಲೂ ಫೈಲಿನ ಗಾತ್ರವನ್ನು ಬೈಟ್‌ಗಳಲ್ಲೂ ಹೇಳುವುದು ವಾಡಿಕೆ. 8 ಬಿಟ್ ಸೇರಿದರೆ ಒಂದು ಬೈಟ್. 100 ಎಂಬಿಪಿಎಸ್ ಎಂದರೆ ಸೆಕೆಂಡಿಗೆ 100 ಮೆಗಾಬಿಟ್, ಅದನ್ನು 8ರಿಂದ ಭಾಗಿಸಿದರೆ ಸೆಕೆಂಡಿಗೆ 12.5 ಮೆಗಾಬೈಟ್ ಆಗುತ್ತದೆ, ಅಂದರೆ ಒಂದು ಜಿಬಿಗೆ 80 ಸೆಕೆಂಡು. ಮಾಹಿತಿ ಸಣ್ಣ ಸಣ್ಣ ಪೊಟ್ಟಣಗಳಾಗಿ ಬರುತ್ತದೆ, ಪ್ರತಿ ಪೊಟ್ಟಣದ ಮೇಲೂ ವಿಳಾಸ ಮುಂತಾದ ವಿವರ ಬರೆಯಬೇಕಾದ್ದರಿಂದ ಇನ್ನಷ್ಟು ಸವೆದು ಒಂದೂವರೆ ನಿಮಿಷದ ಹತ್ತಿರ ಬರುತ್ತದೆ. ಜಾಹೀರಾತಿನಲ್ಲಿ ದೊಡ್ಡ ಸಂಖ್ಯೆ ಕಾಣಲೆಂದೇ ಕಂಪನಿಗಳು ಬಿಟ್ ಹಿಡಿದುಕೊಂಡಿವೆ ಎಂಬ ಅನುಮಾನ ಹಲವರಿಗಿದೆ. ಆದರೆ ತಂತಿಯ ಮೇಲಿನ ವೇಗವನ್ನು ಬಿಟ್‌ಗಳಲ್ಲಿ ಅಳೆಯುವುದು ಮನೆಮನೆಗೆ ಇಂಟರ್ನೆಟ್ ಬರುವುದಕ್ಕೂ ಹಿಂದಿನ ಎಂಜಿನಿಯರುಗಳ ರೂಢಿ.

ಹಿಂದಿನ ಕೋಣೆಯ ಹತ್ತು ನಿಮಿಷ ಮಾತ್ರ ಕಂಪನಿಯ ಲೆಕ್ಕಕ್ಕೆ ಸೇರದು, ಅದು ನಿಮ್ಮ ಗೋಡೆಯ ಲೆಕ್ಕ. ಮಾಳಮಡ್ಡಿಯ ಹಳೆಯ ಮನೆಗಳ ಗೋಡೆಗಳು ಎಷ್ಟು ದಪ್ಪವೆಂಬುದು ಅಲ್ಲಿ ಬೇಸಿಗೆ ಕಳೆದವರಿಗೆಲ್ಲ ಗೊತ್ತು. ಬಿಸಿಲನ್ನು ಹೊರಗೇ ತಡೆಯುವ ಆ ಗೋಡೆಗಳು ವೈಫೈ ಅಲೆಗಳಿಗೂ ರಿಯಾಯಿತಿ ತೋರಿಸುವುದಿಲ್ಲ. ಹೆಚ್ಚಿನ ರೌಟರುಗಳು 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಪಟ್ಟಿಗಳಲ್ಲಿ ಪ್ರಸಾರ ಮಾಡುತ್ತವೆ. 5ರದು ವೇಗ ಹೆಚ್ಚು, ಆದರೆ ಎರಡು ಗೋಡೆ ದಾಟುವಷ್ಟರಲ್ಲಿ ಸೋಲುತ್ತದೆ, 2.4ರದು ಗೋಡೆಯನ್ನು ತುಸು ಚೆನ್ನಾಗಿ ದಾಟುತ್ತದೆ, ಆದರೆ ಅದರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6 ಮತ್ತು 11 ಎಂಬ ಮೂರೇ ಇರುವುದರಿಂದ ಅಕ್ಕಪಕ್ಕದ ಮನೆಗಳ ರೌಟರುಗಳೆಲ್ಲ ಅಲ್ಲಿಯೇ ಗುದ್ದಾಡುತ್ತಿರುತ್ತವೆ. ಮೈಕ್ರೋವೇವ್ ಒಲೆಯ ಅಲೆಗಳೂ ಅದೇ ಪಟ್ಟಿಯವು.

ರೌಟರನ್ನು ಕಬ್ಬಿಣದ ಕಪಾಟಿನ ಹಿಂದಿನಿಂದ ತೆಗೆದು ಮನೆಯ ನಡುವೆ, ಎತ್ತರದಲ್ಲಿ ಇರಿಸಿ ನೋಡಿ. ಅದರಿಂದ ಸಾಲದಿದ್ದರೆ ಅಗ್ಗದ ರಿಪೀಟರಿಗೆ ಹಣ ಹಾಕಬೇಡಿ. ಒಂದೇ ರೇಡಿಯೋದಲ್ಲಿ ಕೇಳಿಸಿಕೊಂಡು, ಕೇಳಿದ್ದನ್ನೇ ಮತ್ತೆ ಹೇಳುವ ಯಂತ್ರವಾದ್ದರಿಂದ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ನನ್ನ ಮತ ಕೇಳಿದರೆ ಹಿಂದಿನ ಕೋಣೆಗೆ ಒಂದು ಲ್ಯಾನ್ ವೈರ್ ಎಳೆಸಿ, ಅಲ್ಲಿ ಇನ್ನೊಂದು ಸಣ್ಣ ರೌಟರನ್ನು ಆ್ಯಕ್ಸೆಸ್ ಪಾಯಿಂಟ್ ಆಗಿ, ಅಂದರೆ ಆ ಕೋಣೆಗೆ ವೈಫೈ ಹರಡುವ ಯಂತ್ರವಾಗಿ, ಇಡುವುದೇ ಸರಿ. ಕ್ಯಾಟ್ 5ಇ ಎಂಬ ದರ್ಜೆಯ ಲ್ಯಾನ್ ವೈರಿನಲ್ಲಿ 100 ಮೀಟರಿನವರೆಗೆ 1000 ಎಂಬಿಪಿಎಸ್ ಹಾಯುತ್ತದೆ. ತುದಿಯ ಕನೆಕ್ಟರ್ ಒತ್ತುವಾಗ ಎಂಟೂ ಎಳೆಗಳು ಸರಿಯಾಗಿ ಕೂತಿವೆಯೇ ಎಂದು ನೋಡಿಕೊಳ್ಳಿ. 100ಕ್ಕೆ ನಾಲ್ಕು ಎಳೆ ಸಾಕು, 1000ಕ್ಕೆ ಎಂಟೂ ಬೇಕು. ಹೀಗಾಗಿ ಒಂದು ಎಳೆ ಸಡಿಲವಾಗಿದ್ದರೂ ಎಲ್ಲವೂ ಸರಿಯಿದ್ದಂತೆಯೇ ತೋರುತ್ತ, ವೇಗ ಮಾತ್ರ 100ಕ್ಕೆ ಕಚ್ಚಿಕೊಂಡು ಕೂತುಬಿಡಬಹುದು.

ಪ್ರಶ್ನೆ: ನನ್ನದು ಬಟ್ಟೆ ಅಂಗಡಿ, ಮನೆ ಕುಂದಗೋಳದಲ್ಲಿ. ಅಂಗಡಿಯ ಕ್ಯಾಮೆರಾಗಳನ್ನು ಮನೆಯಿಂದ ನೋಡಲು ಹಿಂದೆ ರೌಟರಿನಲ್ಲಿ ಪೋರ್ಟ್ ಫಾರ್ವರ್ಡಿಂಗ್ (ಹೊರಗಿನಿಂದ ಬಂದ ಕೋರಿಕೆಯನ್ನು ಒಳಗಿನ ಯಂತ್ರಕ್ಕೆ ದಾಟಿಸುವ ಏರ್ಪಾಟು) ಮಾಡಿಸಿದ್ದೆ, ಸರಿಯಾಗಿ ಕಾಣುತ್ತಿತ್ತು. ಬೇರೆ ಕಂಪನಿಯ ಫೈಬರ್ ಹಾಕಿಸಿಕೊಂಡ ಮೇಲೆ ಅದೇ ಸೆಟ್ಟಿಂಗ್ ಇದ್ದರೂ ಕಾಣುವುದಿಲ್ಲ. ಕ್ಯಾಮೆರಾದ ದೃಶ್ಯಗಳನ್ನು ದಾಖಲಿಸುವ ಡಿವಿಆರ್ ಕೆಟ್ಟಿದೆಯೇ?
– ಹುಬ್ಬಳ್ಳಿಯ ದುರ್ಗದಬೈಲಿನ ವ್ಯಾಪಾರಿ

ಉತ್ತರ: ಡಿವಿಆರ್ ಕೆಟ್ಟಿಲ್ಲ, ನಿಮ್ಮ ಅಂಗಡಿಗೆ ಇದ್ದ ಸ್ವಂತ ವಿಳಾಸ ಹೋಗಿದೆ.

ಇಂಟರ್ನೆಟ್ಟಿನಲ್ಲಿ ಪ್ರತಿ ಸಂಪರ್ಕಕ್ಕೂ ಒಂದು ಐಪಿ ವಿಳಾಸ ಬೇಕು. ಇಂದಿಗೂ ವ್ಯಾಪಕ ಬಳಕೆಯಲ್ಲಿರುವ ನಾಲ್ಕನೆಯ ಆವೃತ್ತಿಯಲ್ಲಿ, ಅಂದರೆ ಐಪಿವಿ4ರಲ್ಲಿ, ವಿಳಾಸಗಳ ಒಟ್ಟು ಸಂಖ್ಯೆ ಸುಮಾರು 429 ಕೋಟಿ. 32 ಬಿಟ್‌ಗಳಲ್ಲಿ ಬರೆಯಬಹುದಾದದ್ದೇ ಅಷ್ಟು, ಅದಕ್ಕಿಂತ ಒಂದೂ ಹೆಚ್ಚಿಲ್ಲ. 2011ರ ಫೆಬ್ರವರಿಯಲ್ಲಿ ಜಾಗತಿಕ ದಾಸ್ತಾನಿನ ಕೊನೆಯ ಕಂತುಗಳನ್ನು ಭೂಖಂಡವಾರು ಸಂಸ್ಥೆಗಳಿಗೆ ಹಂಚಿದ್ದಾಯಿತು. ಕೆಲವೇ ತಿಂಗಳಲ್ಲಿ ಏಷ್ಯಾದ ಪಾಲೂ ಬಿಗಿಯಾಯಿತು. ಆಮೇಲೆ ಲಕ್ಷಾಂತರ ಹೊಸ ಗ್ರಾಹಕರನ್ನು ಸೇರಿಸಿಕೊಂಡ ಕಂಪನಿಗಳು ಮಾಡಿದ ಉಪಾಯವೆಂದರೆ ಒಂದು ಸಾರ್ವಜನಿಕ ವಿಳಾಸದ ಹಿಂದೆ ನೂರಾರು ಗ್ರಾಹಕರನ್ನು ಕೂರಿಸುವುದು. ಇದಕ್ಕೆ ಸಿಜಿನ್ಯಾಟ್ ಎಂದು ಹೆಸರು. ಒಂದೇ ಹೆಬ್ಬಾಗಿಲಿನ ದೊಡ್ಡ ವಠಾರದಂತೆ ಇದು: ಒಳಗಿನವರು ಯಾರು ಬೇಕಾದರೂ ಹೊರಗೆ ಹೋಗಿಬರಬಹುದು, ಅವರು ಕರೆಸಿಕೊಂಡವರೂ ಒಳಗೆ ಬರಬಹುದು, ಆದರೆ ತಾನಾಗಿ ಬಂದ ಹೊರಗಿನವನಿಗೆ ಯಾವ ಮನೆ ಎಂದು ತೋರಿಸುವ ಫಲಕ ಬಾಗಿಲಲ್ಲಿಲ್ಲ.

ನೀವು ಅಂಗಡಿಯಲ್ಲಿ ಕುಳಿತು ಒಂದು ಜಾಲತಾಣ ತೆರೆದಾಗ, ಯಾರು ಏನನ್ನು ಕೇಳಿದರು ಎಂಬುದನ್ನು ಕಂಪನಿಯ ಯಂತ್ರ ತನ್ನ ಕೋಷ್ಟಕದಲ್ಲಿ ಬರೆದುಕೊಳ್ಳುತ್ತದೆ, ಮರಳಿ ಬಂದ ಉತ್ತರವನ್ನು ಆ ನಮೂದು ನೋಡಿ ನಿಮಗೆ ತಲುಪಿಸುತ್ತದೆ. ಕುಂದಗೋಳದಿಂದ ನೀವು ಕ್ಯಾಮೆರಾ ನೋಡಲು ಹೊರಟಾಗ ಮೊದಲ ಮಾತು ಹೊರಗಿನಿಂದ ಬರುತ್ತದೆ, ಅದಕ್ಕೆ ಕೋಷ್ಟಕದಲ್ಲಿ ನಮೂದಿಲ್ಲ, ಆದ್ದರಿಂದ ಕಂಪನಿಯ ಯಂತ್ರ ಅದನ್ನು ಅಲ್ಲಿಯೇ ಕೈಬಿಡುತ್ತದೆ. ನಿಮ್ಮ ರೌಟರಿನಲ್ಲಿ ಮಾಡಿದ ಪೋರ್ಟ್ ಫಾರ್ವರ್ಡಿಂಗ್ ತಪ್ಪೇನಲ್ಲ. ಅದರವರೆಗೆ ಕೋರಿಕೆ ಬಂದರಲ್ಲವೇ ಅದು ಕೆಲಸ ಮಾಡುವುದು.

ಇದನ್ನು ಖಚಿತಪಡಿಸಿಕೊಳ್ಳಲು ರೌಟರಿನ ಪುಟ ತೆರೆದು, ವ್ಯಾನ್ (ಹೊರಗಿನ ಜಾಲದ ಕಡೆಯ ಸಂಪರ್ಕ) ಎಂಬ ಸಾಲಿನ ಎದುರಿಗಿರುವ ವಿಳಾಸವನ್ನು ಓದಿ. ಅದು 100.64ರಿಂದ 100.127ರ ನಡುವೆ ಶುರುವಾಗುತ್ತಿದ್ದರೆ ನೀವು ವಠಾರದ ಒಳಗಿದ್ದೀರಿ. ಆ ವಿಳಾಸಗಳ ಸರಣಿಯನ್ನು 2012ರಲ್ಲಿ ಈ ಕೆಲಸಕ್ಕೆಂದೇ ಮೀಸಲಿಟ್ಟಿದ್ದಾರೆ. ಕೆಲವು ಕಂಪನಿಗಳು 10ರಿಂದ ಶುರುವಾಗುವ ಖಾಸಗಿ ವಿಳಾಸಗಳನ್ನೂ ಕೊಡುತ್ತವೆ.

ಪರಿಹಾರಗಳಿವೆ. ತಿಂಗಳಿಗೋ ವರ್ಷಕ್ಕೋ ಹೆಚ್ಚುವರಿ ಹಣ ಕೊಟ್ಟು ಸ್ಟ್ಯಾಟಿಕ್ ಐಪಿ, ಅಂದರೆ ನಿಮ್ಮದೇ ಆದ ಬದಲಾಗದ ವಿಳಾಸ, ಪಡೆಯಬಹುದು. ಡಿವಿಆರಿನಲ್ಲಿ ಪಿ2ಪಿ ಅಥವಾ ಕ್ಲೌಡ್ ಎಂಬ ಸೌಲಭ್ಯವಿದ್ದರೆ ಅದನ್ನು ಚಾಲೂ ಮಾಡಿದರೂ ಆಯಿತು. ಆಗ ಡಿವಿಆರ್ ತಾನೇ ಹೊರಗೆ ಹೋಗಿ ತಯಾರಕರ ಸರ್ವರಿನೊಂದಿಗೆ ಸಂಪರ್ಕ ತೆರೆದಿಡುತ್ತದೆ, ನಿಮ್ಮ ಮೊಬೈಲು ಅಲ್ಲಿ ಅದನ್ನು ಸಂಧಿಸುತ್ತದೆ. 128 ಬಿಟ್‌ಗಳ ಹೊಸ ವಿಳಾಸಪದ್ಧತಿಯಾದ ಐಪಿವಿ6ರಲ್ಲಿ ಈ ಕೊರತೆಯೇ ಇಲ್ಲ, ಆದರೆ ಹಳೆಯ ಡಿವಿಆರುಗಳು ಅದನ್ನು ಅರಿಯವು.

ಕೇಳದಿದ್ದರೂ ಒಂದು ಮಾತು ಸೇರಿಸುತ್ತೇನೆ. ಹಿಂದಿನ ವ್ಯವಸ್ಥೆ ನೀವು ನೆನೆಸಿಕೊಂಡಷ್ಟು ಒಳ್ಳೆಯದಾಗಿರಲಿಲ್ಲ. ಪೋರ್ಟ್ ತೆರೆದಿಟ್ಟ ಡಿವಿಆರ್ ನಿಮಗೆ ಕಂಡಂತೆ ಜಗತ್ತಿಗೂ ಕಾಣುತ್ತದೆ, ಅದರ ಪಾಸ್‌ವರ್ಡ್ ಕಾರ್ಖಾನೆಯಿಂದ ಬಂದದ್ದೇ ಆಗಿದ್ದರೆ ಯಾರು ಬೇಕಾದರೂ ಒಳಗೆ ಬರಬಹುದು. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶ ಇಂತಹ ಕ್ಯಾಮೆರಾ ಮತ್ತು ಡಿವಿಆರುಗಳನ್ನೇ ದೊಡ್ಡ ಸಂಖ್ಯೆಯಲ್ಲಿ ವಶಪಡಿಸಿಕೊಂಡು, ಆ ವರ್ಷದ ಅಕ್ಟೋಬರ್ 21ರಂದು ಡೈನ್ ಎಂಬ ಅಮೆರಿಕದ ಕಂಪನಿಯ ಮೇಲೆ ದಾಳಿ ಮಾಡಿತು. ಜಾಲತಾಣಗಳ ಹೆಸರನ್ನು ಐಪಿ ವಿಳಾಸಕ್ಕೆ ಬದಲಿಸಿ ಹೇಳುವ ಕೆಲಸ ಡೈನ್‌ನದು. ಆದ್ದರಿಂದ ಟ್ವಿಟರಿನಂತಹ ದೊಡ್ಡ ತಾಣಗಳೂ ಗಂಟೆಗಟ್ಟಲೆ ಸಿಗದೆ ಹೋದವು. ಹೊಸ ವ್ಯವಸ್ಥೆ ಯಾವುದೇ ಇರಲಿ, ಪಾಸ್‌ವರ್ಡನ್ನು ಇಂದೇ ಬದಲಿಸಿ.

ಪ್ರಶ್ನೆ: ನಮ್ಮ ಟೈಪಿಂಗ್ ಸೆಂಟರಿನ ಹಳೆಯ ಕಂಪ್ಯೂಟರನ್ನು ಬೆಳಿಗ್ಗೆ ಹಚ್ಚಿದಾಗ ಯಾವ ವೆಬ್‌ಸೈಟ್ ತೆರೆದರೂ 'ನಿಮ್ಮ ಸಂಪರ್ಕ ಖಾಸಗಿಯಾಗಿಲ್ಲ' ಎಂಬ ಕೆಂಪು ಎಚ್ಚರಿಕೆ ಬರುತ್ತದೆ. ಪಕ್ಕದ ಕಂಪ್ಯೂಟರಿಗೆ ಅದೇ ನೆಟ್, ಅಲ್ಲಿ ಸರಿಯಾಗಿದೆ. ವೈರಸ್ ಬಂದಿದೆಯೇ?
– ಶಿಗ್ಗಾವಿಯ ಓದುಗರು

ಉತ್ತರ: ತೆರೆಯ ಬಲಗಡೆಯ ಕೆಳಮೂಲೆಯಲ್ಲಿರುವ ದಿನಾಂಕವನ್ನು ಒಮ್ಮೆ ನೋಡಿ. ಹತ್ತು ಹದಿನೈದು ವರ್ಷ ಹಿಂದಿನ ಜನವರಿ 1 ಎಂದು ತೋರಿಸುತ್ತಿದ್ದರೆ ಇದು ವೈರಸ್ ಅಲ್ಲ, ಮದರ್‌ಬೋರ್ಡಿನ ಮೇಲಿರುವ ನಾಣ್ಯದಂತಹ ಸೆಲ್ ಸತ್ತಿದೆ. ಕರೆಂಟ್ ಇಲ್ಲದಾಗ ಗಡಿಯಾರವನ್ನು ನಡೆಸುವುದು ಅದೇ ಸೆಲ್. ಬಹುತೇಕ ಯಂತ್ರಗಳಲ್ಲಿ ಅದು ಸಿಆರ್2032 ಎಂಬ 3 ವೋಲ್ಟಿನದು.

ಗಡಿಯಾರಕ್ಕೂ ಜಾಲತಾಣಕ್ಕೂ ಏನು ನಂಟು ಎಂದು ಕೇಳುತ್ತೀರಿ. ಪ್ರತಿ ಸುರಕ್ಷಿತ ಜಾಲತಾಣವೂ ತಾನು ಯಾರೆಂಬುದಕ್ಕೆ ಒಂದು ಡಿಜಿಟಲ್ ಪ್ರಮಾಣಪತ್ರ ತೋರಿಸುತ್ತದೆ, ಅದರ ಮೇಲೆ ಇಂತಹ ದಿನದಿಂದ ಇಂತಹ ದಿನದವರೆಗೆ ಎಂಬ ಅವಧಿ ಇರುತ್ತದೆ. 2020ರ ಸೆಪ್ಟೆಂಬರಿನಿಂದ ಈ ಅವಧಿಯ ಮಿತಿ 398 ದಿನಗಳಿಗೆ ಇಳಿಯಿತು. 2029ರ ಮಾರ್ಚ್ ಹೊತ್ತಿಗೆ ಹಂತಹಂತವಾಗಿ 47 ದಿನಗಳಿಗೆ ಇಳಿಸಬೇಕೆಂದು 2025ರಲ್ಲಿ ತೀರ್ಮಾನವಾಗಿದೆ. ನಿಮ್ಮ ಕಂಪ್ಯೂಟರು ತಾನಿನ್ನೂ ಹಿಂದಿನ ದಶಕದಲ್ಲಿದ್ದೇನೆ ಎಂದುಕೊಂಡಿರುವಾಗ ಎದುರಿಗೆ ಬಂದ ಪ್ರಮಾಣಪತ್ರಗಳೆಲ್ಲ ಇನ್ನೂ ಜಾರಿಗೆ ಬಾರದವುಗಳಾಗಿ ಕಾಣುತ್ತವೆ, ಎಲ್ಲವನ್ನೂ ತಿರಸ್ಕರಿಸುತ್ತದೆ. ವಿಂಡೋಸ್ ತಾನಾಗಿಯೇ ಸಮಯ ಸರಿಪಡಿಸಿಕೊಳ್ಳಬೇಕಲ್ಲವೇ ಎಂದರೆ, ವ್ಯತ್ಯಾಸ ತೀರ ದೊಡ್ಡದಾದಾಗ ಅದು ತಿದ್ದದೆ ಬಿಡುವುದುಂಟು.

ಪ್ಲಗ್ ಕಿತ್ತು, ಪೆಟ್ಟಿಗೆಯ ಪಕ್ಕದ ಹಾಳೆ ಬಿಚ್ಚಿದರೆ ಸೆಲ್ ಕಣ್ಣಿಗೆ ಬೀಳುತ್ತದೆ. ಅದರ ಅಂಚಿನಲ್ಲಿರುವ ಸಣ್ಣ ಲೋಹದ ಕೊಂಡಿಯನ್ನು ಬೆರಳುಗುರಿನಿಂದ ಸರಿಸಿದರೆ ತಾನೇ ಮೇಲೆ ಏಳುತ್ತದೆ. ಹೊಸದನ್ನು ಪ್ಲಸ್ ಗುರುತು ಮೇಲೆ ಬರುವಂತೆ ಕೂರಿಸಿ, ದಿನಾಂಕ ಸರಿಪಡಿಸಿದರೆ ಮುಗಿಯಿತು. ಅಲ್ಲಿಯವರೆಗೆ ಕೆಂಪು ಎಚ್ಚರಿಕೆಯನ್ನು ದಾಟಿ 'ಮುಂದುವರಿ' ಒತ್ತುವ ರೂಢಿ ಮಾಡಿಕೊಳ್ಳಬೇಡಿ. ಗಡಿಯಾರ ಸರಿಯಿದ್ದೂ ಬ್ಯಾಂಕಿನ ತಾಣವೊಂದಕ್ಕೇ ಆ ಎಚ್ಚರಿಕೆ ಬಂದ ದಿನ ನಿಮ್ಮ ಬೆರಳು ರೂಢಿಯಂತೆ ಅದನ್ನೂ ಒತ್ತಿಬಿಡುತ್ತದೆ. ಎಚ್ಚರಿಕೆ ಬರದಿದ್ದರೆ ತಾಣ ನಂಬಿಕಸ್ಥವೆಂದೂ ಅಲ್ಲ. ಪ್ರಮಾಣಪತ್ರ ಉಚಿತವಾಗಿಯೇ ಸಿಗುವುದರಿಂದ ಮೋಸಗಾರರೂ ಅದನ್ನು ಪಡೆಯುತ್ತಾರೆ. ನಡುವೆ ಯಾರೂ ಕದ್ದು ಓದುತ್ತಿಲ್ಲ ಎಂಬುದಷ್ಟನ್ನೇ ಅದು ಹೇಳುತ್ತದೆ. ಬೀಗದ ಚಿತ್ರ ನೋಡಿ ಜನ ತಪ್ಪು ತಿಳಿಯುತ್ತಾರೆಂದೇ ಕ್ರೋಮ್ 2023ರಲ್ಲಿ ಅದನ್ನು ವಿಳಾಸದ ಪಟ್ಟಿಯಿಂದ ತೆಗೆಯಿತು.

ಪ್ರಶ್ನೆ: ನಾನು ಸಹಕಾರಿ ಸಂಘವೊಂದರ ಕಾರ್ಯದರ್ಶಿ. ಸದಸ್ಯರಿಗೆ ಇಂಗ್ಲಿಷಿನಲ್ಲಿ ಎಸ್ಸೆಮ್ಮೆಸ್ ಕಳುಹಿಸಿದರೆ ಒಂದು ಸಂದೇಶದ ದರ, ಅದೇ ವಿಷಯವನ್ನು ಕನ್ನಡದಲ್ಲಿ ಕಳುಹಿಸಿದರೆ ಮೂರು ಸಂದೇಶಗಳ ದರ ಬೀಳುತ್ತಿದೆ. ಕನ್ನಡಕ್ಕೆ ಈ ದಂಡವೇಕೆ?
– ರಾಣೆಬೆನ್ನೂರಿನ ಓದುಗರು

ಉತ್ತರ: ದಂಡವೆಂಬ ಮಾತು ಒರಟಾದರೂ ಫಲ ಹಾಗೆಯೇ ಇದೆ. ಒಂದು ಎಸ್ಸೆಮ್ಮೆಸ್ಸಿನಲ್ಲಿ ಹಿಡಿಸುವುದು 140 ಬೈಟ್, ಅಂದರೆ 1120 ಬಿಟ್. ಇಂಗ್ಲಿಷ್ ಮತ್ತು ಯುರೋಪಿನ ಕೆಲವು ಅಕ್ಷರಗಳಿಗೆ ಒಂದಕ್ಕೆ 7 ಬಿಟ್ ಸಾಕೆಂದು ಆ ಪದ್ಧತಿಯನ್ನು ರೂಪಿಸಿದ್ದರಿಂದ ಅವು 160 ಹಿಡಿಸುತ್ತವೆ. ಕನ್ನಡ ಆ ಪಟ್ಟಿಯಲ್ಲಿಲ್ಲ. ಅದನ್ನು ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಯುನಿಕೋಡ್ ಪದ್ಧತಿಯ 16 ಬಿಟ್ ಸಂಕೇತಗಳಲ್ಲಿ ಕಳುಹಿಸಬೇಕು, ಆಗ ಹಿಡಿಸುವುದು 70. ಸಂದೇಶ ಅದಕ್ಕಿಂತ ಉದ್ದವಾದರೆ ತುಂಡುಗಳನ್ನು ಜೋಡಿಸುವ ಗುರುತಿಗೂ ಜಾಗ ಬೇಕಾಗಿ ಪ್ರತಿ ತುಂಡಿಗೆ 67 ಮಾತ್ರ ಉಳಿಯುತ್ತದೆ.

ಈ 67 ಎಂಬುದು ನಾವು ಬಾಯಲ್ಲಿ ಎಣಿಸುವ ಅಕ್ಷರಗಳಲ್ಲ, ಸಂಕೇತಗಳು. 'ಗದಗ' ಎಂದು ಬರೆದರೆ ಮೂರು ಅಕ್ಷರ, ಮೂರು ಸಂಕೇತ. 'ಹುಬ್ಬಳ್ಳಿ'ಯೂ ಕಣ್ಣಿಗೆ ಮೂರೇ ಅಕ್ಷರ, ಆದರೆ ಒಳಗೆ ಒಂಬತ್ತು ಸಂಕೇತಗಳಿವೆ: ಹ, ಉಕಾರದ ಗುರುತು, ಬ, ಹಲಂತ, ಮತ್ತೊಂದು ಬ, ಳ, ಹಲಂತ, ಮತ್ತೊಂದು ಳ, ಇಕಾರದ ಗುರುತು. ಒತ್ತಕ್ಷರ ಹೆಚ್ಚಿರುವ ಬರವಣಿಗೆಗೆ ಖರ್ಚು ಹೆಚ್ಚು. ನಿಮ್ಮ ಸಂದೇಶದಲ್ಲಿ 150 ಸಂಕೇತಗಳಿದ್ದರೆ ಲೆಕ್ಕ ಸರಿಯಾಗಿ ಮೂರಕ್ಕೇ ಬರುತ್ತದೆ.

ಇನ್ನೊಂದು ಸಂಗತಿ ಗಮನಿಸಿ. ಇಂಗ್ಲಿಷ್ ಸಂದೇಶದಲ್ಲಿ ಒಂದೇ ಒಂದು ಕನ್ನಡ ಅಕ್ಷರ ಸೇರಿದರೂ ಇಡೀ ಸಂದೇಶ 70ರ ಲೆಕ್ಕಕ್ಕೆ ಬೀಳುತ್ತದೆ. ₹ ಎಂಬ ಚಿಹ್ನೆಯೂ ಹಳೆಯ ಪಟ್ಟಿಯಲ್ಲಿಲ್ಲ, ಆದ್ದರಿಂದ ಬಾಕಿಯ ಮೊತ್ತದ ಮುಂದೆ ಅದನ್ನು ಹಾಕಿದರೂ ಇದೇ ಗತಿ. ಕನ್ನಡವನ್ನು 7 ಬಿಟ್‌ಗಳಲ್ಲೇ ಕಳುಹಿಸುವ ಪಟ್ಟಿಯೊಂದನ್ನು ಮೊಬೈಲ್ ಮಾನಕಗಳಲ್ಲಿ ಸೇರಿಸಿದ್ದಾರೆ, ಬಳಕೆಗೆ ಮಾತ್ರ ಬಂದದ್ದು ಕಡಿಮೆ. ಆದರೂ ಸದಸ್ಯರು ಓದಲಾರದ ಇಂಗ್ಲಿಷಿನಲ್ಲಿ ಅಗ್ಗವಾಗಿ ಕಳುಹಿಸುವುದಕ್ಕಿಂತ, 'ತಮ್ಮ ಗಮನಕ್ಕೆ ತರಬಯಸುವುದೇನೆಂದರೆ' ಎಂಬಂತಹ ಪೀಠಿಕೆಗಳನ್ನು ಕತ್ತರಿಸಿ ಕನ್ನಡದ ಸಂದೇಶವನ್ನೇ 70ರೊಳಗೆ ತರುವುದು ಲೇಸು.

ಪ್ರಶ್ನೆ: ಹಾವೇರಿಯ ಗ್ರಾಹಕರೊಬ್ಬರಿಗೆ ಲಗ್ನಪತ್ರಿಕೆಯ ಕರಡನ್ನು ಮೇಲ್ ಮಾಡಿದೆವು. ನಮ್ಮಲ್ಲಿ ಸರಿಯಾಗಿ ಕಾಣುವ ಕನ್ನಡ ಅವರ ಮೊಬೈಲಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಂಡಿತಂತೆ. ಫಾಂಟ್ ಕಳುಹಿಸಿದರೆ ಸಾಕೇ?
– ಗದಗಿನ ಮುದ್ರಣಾಲಯದವರು

ಉತ್ತರ: ನೀವು 'ನುಡಿ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪು ಮಾಡಿದ್ದೀರಿ. ಆ ಪದ್ಧತಿಯಲ್ಲಿ ಕಡತದೊಳಗೆ ಕನ್ನಡವೇ ಇರುವುದಿಲ್ಲ. ಇಂಗ್ಲಿಷಿನ ಅಕ್ಷರಗಳಿಗೂ ತಲೆಯ ಮೇಲೆ ಗೆರೆ ಚುಕ್ಕಿ ಹೊತ್ತ ಯುರೋಪಿನ ಅಕ್ಷರಗಳಿಗೂ ಮೀಸಲಾದ ಸಂಖ್ಯೆಗಳೇ ಅಲ್ಲಿರುತ್ತವೆ, ಅವುಗಳಿಗೆ ಕನ್ನಡದ ರೂಪ ತೊಡಿಸುವುದು ಫಾಂಟ್. ಫಾಂಟ್ ಇಲ್ಲದ ಕಡೆ ಒಳಗಿದ್ದದ್ದು ಹೊರಗೆ ಕಾಣುತ್ತದೆ. ಯುನಿಕೋಡಿನಲ್ಲಿ ಕನ್ನಡಕ್ಕೆಂದೇ 128 ಸ್ಥಾನಗಳ ಪ್ರತ್ಯೇಕ ವಿಭಾಗವಿದೆ, 'ಕ' ಎಂಬುದು ಎಲ್ಲಿ ಹೋದರೂ 'ಕ' ಆಗಿಯೇ ಉಳಿಯುತ್ತದೆ.

ಗ್ರಾಹಕರ ಮೊಬೈಲಿಗೆ ಫಾಂಟ್ ಕಳುಹಿಸಿ ಪ್ರಯೋಜನವಿಲ್ಲ. ಕರಡನ್ನು ನೋಡಲಷ್ಟೇ ಬೇಕಿದ್ದರೆ ಪಿಡಿಎಫ್ ಮಾಡಿ ಕಳುಹಿಸಿ, ಫಾಂಟ್ ಅದರೊಳಗೇ ಸೇರಿಕೊಂಡು ಸರಿಯಾಗಿ ಕಾಣುತ್ತದೆ. ಆದರೆ ಅದರಿಂದ ನಕಲು ಮಾಡಿ ವಾಟ್ಸ್ಆ್ಯಪಿಗೆ ಹಾಕಿದರೆ ಮತ್ತೆ ಅದೇ ಗೊಂದಲ. ತಿದ್ದಿ ಕಳುಹಿಸಬೇಕೆಂದರೆ ಪರಿವರ್ತಕದಿಂದ ಯುನಿಕೋಡಿಗೆ ಬದಲಿಸಲೇಬೇಕು.

ಬದಲಿಸಿದ ಮೇಲೆ ಅರ್ಕಾವೊತ್ತುಗಳನ್ನು ಒಂದೊಂದಾಗಿ ನೋಡಿ. 'ಧರ್ಮ' ಎಂಬ ಪದದಲ್ಲಿ ಉಚ್ಚಾರಣೆಯಂತೆ ರಕಾರ ಮೊದಲು, ಮಕಾರ ಆಮೇಲೆ. ಯುನಿಕೋಡ್ ಹಾಗೆಯೇ ಇಡುತ್ತದೆ. ಆಸ್ಕಿಯಲ್ಲಿ ಕಣ್ಣಿಗೆ ಕಾಣುವ ಕ್ರಮದಲ್ಲಿ ಧ, ಮ, ಕೊನೆಗೆ ಅರ್ಕಾವೊತ್ತಿನ ಗುರುತು ಇರುತ್ತದೆ. ಪರಿವರ್ತಕ ಆ ಗುರುತನ್ನು ಹಿಂದಕ್ಕೆ ಸರಿಸಿ ಕೂರಿಸಬೇಕು. ಪದ ಸರಳವಾಗಿದ್ದರೆ ಇದು ತಪ್ಪುವುದಿಲ್ಲ, ಆದರೆ ಒತ್ತಿನ ಮೇಲೆ ಗುಣಿತವೂ ಸೇರಿದಾಗ ಕೆಲವು ಪರಿವರ್ತಕಗಳು ಎಡವುತ್ತವೆ. ಲಗ್ನಪತ್ರಿಕೆಯಲ್ಲಿ 'ಆಶೀರ್ವಾದ' ಕೆಟ್ಟರೆ ಬೀಗರ ಮುಂದೆ ನಿಮಗೆ ಕಷ್ಟ.

ಮುದ್ರಣಾಲಯಗಳು ಇನ್ನೂ ಆಸ್ಕಿಯನ್ನು ಬಿಡದಿರುವುದಕ್ಕೆ ಬರೀ ಸೋಮಾರಿತನ ಕಾರಣವೆಂದು ನಾನು ಹೇಳುವುದಿಲ್ಲ. 2001ರಲ್ಲಿ 7ನೆಯ ಆವೃತ್ತಿ ಬಂದು ಅಲ್ಲಿಗೇ ನಿಂತ, ಪುಟ ಜೋಡಿಸುವ ತಂತ್ರಾಂಶವಾದ ಪೇಜ್‌ಮೇಕರ್ ಯುನಿಕೋಡ್ ಕನ್ನಡವನ್ನು ಅರಿಯದು. ಅದರಲ್ಲಿ ಪಳಗಿದ ಕೈಗಳೂ, ಅದರಲ್ಲೇ ಉಳಿದ ಹಳೆಯ ಕಡತಗಳೂ ನಿಮ್ಮಲ್ಲಿ ಬಹಳವಿರಬಹುದು. ಹೊಸ ಇನ್‌ಡಿಸೈನಿನಲ್ಲಿ ಯುನಿಕೋಡ್ ಕನ್ನಡ ಸರಿಯಾಗಿ ಕೂರುತ್ತದೆ. ಟೈಪು ಮಾಡುವವರು ಕೀಲಿಗಳನ್ನು ಹೊಸದಾಗಿ ಕಲಿಯಬೇಕಾಗಿಯೂ ಇಲ್ಲ: ನುಡಿಯಲ್ಲಿರುವ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವೇ ಯುನಿಕೋಡಿಗೂ ಸಿಗುತ್ತದೆ, ಬೆರಳಿನ ಅಭ್ಯಾಸ ಹಾಗೆಯೇ ಇದ್ದು ಒಳಗೆ ದಾಖಲಾಗುವ ಸಂಕೇತ ಮಾತ್ರ ಬದಲಾಗುತ್ತದೆ.

ಪ್ರಶ್ನೆ: ಮೆಣಸಿನಕಾಯಿ ಸುಗ್ಗಿಯಲ್ಲಿ ಮಾರುಕಟ್ಟೆಯೊಳಗೆ ಮೊಬೈಲಿನ ಕಡ್ಡಿಗಳೆಲ್ಲ ತುಂಬಿರುತ್ತವೆ, ಆದರೂ ಹಣ ಕಳುಹಿಸಲು ಹೋದರೆ ಸುತ್ತುತ್ತಲೇ ಇರುತ್ತದೆ. ಸಿಗ್ನಲ್ ಇದ್ದೂ ನೆಟ್ ಇಲ್ಲವೆಂದರೆ ಹೇಗೆ?
– ಬ್ಯಾಡಗಿಯ ದಲಾಲರು

ಉತ್ತರ: ಕಡ್ಡಿಗಳು ಹೇಳುವುದು ಟವರಿನ ಅಲೆ ನಿಮ್ಮ ಫೋನಿಗೆ ಎಷ್ಟು ಬಲವಾಗಿ ತಲುಪುತ್ತಿದೆ ಎಂಬುದನ್ನು. ಆ ಟವರಿನ ಸಾಮರ್ಥ್ಯದಲ್ಲಿ ನಿಮ್ಮ ಪಾಲಿಗೆ ಎಷ್ಟು ಉಳಿದಿದೆ ಎಂಬುದನ್ನು ಅವು ಹೇಳುವುದಿಲ್ಲ. ಜನವರಿಯಿಂದ ಮಾರ್ಚಿನವರೆಗೆ ಆವಕ ಏರಿದಾಗ ರೈತರು, ಖರೀದಿದಾರರು, ಲಾರಿಯವರು, ಹಮಾಲರು ಎಲ್ಲರ ಫೋನುಗಳೂ ಅದೇ ಒಂದೆರಡು ಟವರುಗಳಿಗೆ ಜೋತುಬೀಳುತ್ತವೆ.

ಫೋನಿನ ಸೆಟ್ಟಿಂಗಿನಲ್ಲಿ 5ಜಿಯಿಂದ 4ಜಿಗೆ ಅಥವಾ 4ಜಿಯಿಂದ 5ಜಿಗೆ ಬದಲಿಸಿ ನೋಡಿ, ಎರಡರ ದಟ್ಟಣೆ ಒಂದೇ ಸಮನಾಗಿರುವುದಿಲ್ಲ. ಅಂಗಡಿಗೆ ತಂತಿಯ ಸಂಪರ್ಕವಿದ್ದರೆ ಪಾವತಿಯನ್ನು ವೈಫೈ ಮೂಲಕವೇ ಮಾಡಿ. ಡೇಟಾ ಇಲ್ಲದೆಯೂ ಹಣ ಕಳುಹಿಸಬಹುದಾದ *99# ಸೇವೆಗೆ ಮೊದಲೇ ನೋಂದಾಯಿಸಿಕೊಂಡಿರುವುದು ಒಳ್ಳೆಯದು. ಪಾವತಿ ನಡುವೆ ಸಿಕ್ಕಿಕೊಂಡಾಗ ಮಾತ್ರ ಎರಡನೆಯ ಸಲ ಕಳುಹಿಸುವ ಅವಸರ ಬೇಡ. ನಿಮಗೆ ಬರಬೇಕಾದ ಉತ್ತರ ದಾರಿಯಲ್ಲಿ ಕಳೆದಿರಬಹುದು, ಹಣ ಮಾತ್ರ ಮುಟ್ಟಿರಬಹುದು. ಬ್ಯಾಂಕಿನ ಲೆಕ್ಕ ನೋಡಿ, ಆ ಬದಿಯವರನ್ನೂ ಕೇಳಿ, ಆಮೇಲೆ ಮುಂದಿನ ಮಾತು.

ಪ್ರಶ್ನೆ: ಕಾಲೇಜಿನ ವೈಫೈಯಲ್ಲಿ ಬ್ರೌಸರಿನ ಗುಪ್ತ ಕಿಟಕಿಯಾದ ಇನ್‌ಕಾಗ್ನಿಟೊ ಬಳಸಿದರೆ ನಾವು ಏನು ನೋಡಿದೆವೆಂದು ಯಾರಿಗೂ ತಿಳಿಯುವುದಿಲ್ಲವೇ?
– ಧಾರವಾಡದ ವಿದ್ಯಾರ್ಥಿ

ಉತ್ತರ: ತಿಳಿಯದಿರುವುದು ನಿಮ್ಮ ನಂತರ ಅದೇ ಕಂಪ್ಯೂಟರಿನ ಮುಂದೆ ಕೂರುವವರಿಗೆ ಮಾತ್ರ. ಕಿಟಕಿ ಮುಚ್ಚಿದೊಡನೆ ಆ ಯಂತ್ರದಲ್ಲಿ ಇತಿಹಾಸ ಮತ್ತು ಕುಕಿಗಳು (ನಿಮ್ಮನ್ನು ಗುರುತಿಸಲು ತಾಣಗಳು ಇಡುವ ಚೂರು ಮಾಹಿತಿ) ಅಳಿಯುತ್ತವೆ. ಇಳಿಸಿಕೊಂಡ ಫೈಲುಗಳೂ ಗುರುತು ಹಾಕಿದ ಪುಟಗಳೂ ಉಳಿಯುತ್ತವೆ. ನೀವು ಯಾವ ತಾಣದ ಹೆಸರನ್ನು ಹುಡುಕಿದಿರಿ ಎಂಬುದು ಕಾಲೇಜಿನ ಜಾಲವನ್ನು ನೋಡಿಕೊಳ್ಳುವವರಿಗೆ ಸಾಮಾನ್ಯವಾಗಿ ಕಾಣುತ್ತದೆ, ಆ ತಾಣದೊಳಗೆ ಏನು ಓದಿದಿರಿ ಎಂಬುದು ಸುರಕ್ಷಿತ ಸಂಪರ್ಕವಿದ್ದರೆ ಕಾಣುವುದಿಲ್ಲ. ತಾಣದವರಂತೂ ನಿಮ್ಮನ್ನು ನೋಡುತ್ತಲೇ ಇರುತ್ತಾರೆ. ಇದೇ ವಿಷಯವಾಗಿ 2020ರಲ್ಲಿ ಅಮೆರಿಕದಲ್ಲಿ ಗೂಗಲ್ ಮೇಲೆ ಹೂಡಿದ ದಾವೆ 2024ರಲ್ಲಿ ರಾಜಿಯಲ್ಲಿ ಮುಗಿಯಿತು. ಸಂಗ್ರಹಿಸಿದ್ದ ದತ್ತಾಂಶವನ್ನು ಅಳಿಸುವುದಕ್ಕೂ ಇನ್‌ಕಾಗ್ನಿಟೊ ತೆರೆದಾಗ ಕಾಣುವ ಸೂಚನೆಯನ್ನು ಸ್ಪಷ್ಟಗೊಳಿಸುವುದಕ್ಕೂ ಕಂಪನಿ ಒಪ್ಪಿತು. ಆ ಸೂಚನೆ ಪ್ರತಿ ಸಲವೂ ಕಿಟಕಿಯ ನಡುವಿನಲ್ಲೇ ಬರುತ್ತದೆ, ಒಮ್ಮೆ ಪೂರ್ತಿ ಓದಿ ನೋಡಿ.